ನಾನು ಖಾಲಿ ಮಾಡಿದ ಡಬ್ಬಿ

ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಸಮಯ ಇಷ್ಟು ನಿಖರವಾಗಿ ಗೊತ್ತಿರುವುದು ನನ್ನ ನೆನಪಿನ ಶಕ್ತಿಯಿಂದಲ್ಲ, ರಿಜಿಸ್ಟರಿನಿಂದ. ಸಂಡೂರಿನ ಹತ್ತಿರದ ಒಂದು ಗಣಿಯ ಲ್ಯಾಬಿನಲ್ಲಿ ನಾನೂ ನನ್ನ ಗೆಳತಿಯೂ ಕೆಮಿಸ್ಟುಗಳು. ಅದಿರಿನ ಪುಡಿಯನ್ನು ತೂಗಿ, ಬೀಕರಿಗೆ ಹಾಕಿ, ಆಸಿಡ್ ಸುರಿದು ಬಿಸಿ ಪ್ಲೇಟಿನ ಮೇಲೆ ಇಟ್ಟ ತಕ್ಷಣ ಸಮಯ ಬರೆಯಬೇಕು. ಆ ದಿನದ ಆರನೇ ಬೀಕರಿನ ಮುಂದೆ ಅವಳ ಕೈಬರಹದಲ್ಲಿ 11:20 ಎಂದಿದೆ. ಕೊನೆಯ ಸೊನ್ನೆ ಮುಚ್ಚಿಲ್ಲ. ಅದರ ಗೆರೆ ಸಾಲು ದಾಟಿ ಕೆಳಕ್ಕೆ ಜಾರಿದೆ.

ಪೆನ್ನು ಬಿದ್ದ ಸದ್ದು ಕೇಳಿ ತಿರುಗಿದೆ. ಅವಳು ಮೇಜನ್ನು ಹಿಡಿಯಲು ಕೈ ಚಾಚಿದಳು, ಕೈಗೆ ಸಿಕ್ಕಿದ್ದು ಬಿಸಿ ಪ್ಲೇಟಿನ ಅಂಚು. ಕುದಿಯುತ್ತಿದ್ದ ಆರು ಬೀಕರುಗಳಲ್ಲಿ ಒಂದು ಉರುಳಿತು. ಅವಳು ಎಡಕ್ಕೆ ಬಿದ್ದಳು, ಬೀಕರು ಬಲಕ್ಕೆ ಬಿತ್ತು. ನಡುವೆ ಇದ್ದದ್ದು ಒಂದು ಗೇಣು ನೆಲ. ಆ ಗೇಣನ್ನು ನಾನು ಇಂದಿಗೂ ಅಳೆಯುತ್ತೇನೆ. ಬಸ್ಸಿನಲ್ಲಿ ಕೂತಾಗ, ಸ್ನಾನಕ್ಕೆ ನೀರು ಕಾಯಿಸುವಾಗ, ಯಾರದೋ ಕೈಯಿಂದ ಲೋಟ ಜಾರಿದಾಗ. ಅವಳು ಬಲಕ್ಕೆ ಬಿದ್ದಿದ್ದರೆ ಎಂಬಲ್ಲಿಗೆ ಬಂದು ನಿಲ್ಲುತ್ತೇನೆ, ಅಲ್ಲಿಂದ ಮುಂದೆ ಹೋಗುವುದಿಲ್ಲ.

ಕಾಲು ಹಿಡಿದು ಎಳೆದೆ. ಅಷ್ಟು ಸಲೀಸಾಗಿ ಬಂದುಬಿಟ್ಟಳಲ್ಲ, ಆಗ ನನಗೆ ಹೆದರಿಕೆ ಹತ್ತಿತು. ಅದಕ್ಕೂ ಮೊದಲು ಬರೀ ಗಾಬರಿ.

ಹೊಸಪೇಟೆಗೆ ಕಂಪನಿಯ ಜೀಪಿನಲ್ಲಿ ಹೊರಟೆವು. ಘಾಟಿನ ತಿರುವುಗಳಲ್ಲಿ ಅದಿರು ಲಾರಿಗಳ ಸಾಲು ನಿಂತಿತ್ತು. ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ ಬೈಯುತ್ತ, ಹಾರ್ನ್ ಒತ್ತುತ್ತ ದಾರಿ ಮಾಡಿಕೊಳ್ಳುತ್ತಿದ್ದ. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಮಾರ್ಚ್ ಕೊನೆಯ ಬಿಸಿಲು, ಜೀಪಿನ ಸೀಟು ಕಾದ ಹಂಚಿನಂತಿತ್ತು, ಅವಳ ಕೈ ಮಾತ್ರ ಕೊಡದ ನೀರಿನಲ್ಲಿ ಅದ್ದಿ ತೆಗೆದಷ್ಟು ತಣ್ಣಗಿತ್ತು. ಕುರ್ತಾದ ಒಳಗೆ ಇನ್ನೊಂದು ಕುರ್ತಾ, ಅದರೊಳಗೆ ಉಣ್ಣೆಯ ಬನಿಯನ್. ನಾಡಿ ಹುಡುಕಿದೆ. ಸಿಗುತ್ತಿತ್ತು, ತಪ್ಪುತ್ತಿತ್ತು, ಮತ್ತೆ ಸಿಗುತ್ತಿತ್ತು.

ಘಾಟು ಇಳಿದ ಮೇಲೆ ಕಣ್ಣು ಬಿಟ್ಟಳು.

"ಅವ್ವಗ ಹೇಳಬ್ಯಾಡ."

"ಏನು ಹೇಳಬ್ಯಾಡ? ನೀ ಸುಮ್ನಿರು ಮೊದಲು."

"ಡಬ್ಬಿದು ಹೇಳಬ್ಯಾಡ. ನನ್ನ ಮ್ಯಾಲೆ ಆಣಿ ಐತಿ ನೋಡು."

ಹೂಂ ಅಂದೆ. ಅವಳ ಬೆರಳು ನನ್ನ ಬೆರಳನ್ನು ಬಿಗಿಯಾಗಿ ಸುತ್ತಿಕೊಂಡಿತ್ತು. ಹೂಂ ಅನ್ನದೆ ಬೇರೇನು ಹೇಳಲಿ?

ಡಬ್ಬಿಯ ಸಂಗತಿ ಶುರುವಾದದ್ದು ಅದರ ಹಿಂದಿನ ಶ್ರಾವಣದಲ್ಲಿ. ನಮ್ಮಿಬ್ಬರ ಮನೆಯೂ ಹೊಸಪೇಟೆಯ ಚಿತ್ತವಾಡ್ಗಿಯಲ್ಲೇ, ಎರಡು ಓಣಿ ಆಚೀಚೆ. ಬೆಳಿಗ್ಗೆ ಏಳಕ್ಕೆ ಕಂಪನಿ ಬಸ್ಸು. ಅವಳ ತಂದೆ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ, ವಾರಕ್ಕೊಮ್ಮೆ ಬರುವವರು. ಉಳಿದ ದಿನ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ತಾಯಿ ಐದಕ್ಕೆ ಎದ್ದು ರೊಟ್ಟಿ ಬಡಿಯುತ್ತಿದ್ದರು. ಓಣಿಯ ತುದಿಗೇ ಆ ಸದ್ದು ಕೇಳುತ್ತಿತ್ತು.

ಶ್ರಾವಣದ ಮೊದಲ ಸೋಮವಾರ ಊಟದ ಹೊತ್ತಿಗೆ ಅವಳು ತನ್ನ ಡಬ್ಬಿಯನ್ನು ನನ್ನ ಮುಂದೆ ತಳ್ಳಿದಳು. "ಉಪವಾಸ ಐತಿ. ಅವ್ವಗ ಹೇಳಿಲ್ಲ. ಇದನ್ನ ನೀನ ತಿನ್ನು." ಆ ಮೇಲೆ ಗುರುವಾರವೂ ಬಂತು, ಶನಿವಾರವೂ ಬಂತು. ಯಾಕೆ ಎಂದು ಕೇಳಿದಾಗ ಧ್ವನಿ ತಗ್ಗಿಸಿ ಹೇಳಿದಳು: "ಹರಕಿ ಹೊತ್ತೀನಿ. ಮನ್ಯಾಗ ಗೊತ್ತಾಗಬಾರದು. ಗೊತ್ತಾದ್ರ ಫಲ ಇಲ್ಲ."

ಇಲ್ಲಿ ನನ್ನ ಮನೆಯ ವಿಷಯ ಹೇಳಬೇಕು. ನಾನು ಹುಟ್ಟುವ ಮೊದಲೇ ನನ್ನ ತಂದೆ ಬೌದ್ಧ ದೀಕ್ಷೆ ತೆಗೆದುಕೊಂಡವರು. ನಮ್ಮಲ್ಲಿ ಹರಕೆ ಇಲ್ಲ, ವ್ರತ ಇಲ್ಲ, ಒಪ್ಪೊತ್ತು ಇಲ್ಲ. ಹುಣ್ಣಿಮೆಗೆ ಪಾಯಸ, ಅಷ್ಟೇ. ಬೇರೆಯವರ ದೇವರ ವಿಷಯದಲ್ಲಿ ಬಾಯಿ ಹಾಕಬಾರದು ಎಂದು ಚಿಕ್ಕಂದಿನಿಂದ ಕಲಿತವಳು ನಾನು. ಹರಕೆಯ ಬಗ್ಗೆ ಪ್ರಶ್ನೆ ಕೇಳಿದರೆ, ನಂಬದವಳು ನಂಬುವವಳನ್ನು ಹಂಗಿಸಿದ ಹಾಗೆ ಆಗುತ್ತದಲ್ಲ ಎಂದು ಅಳುಕಿದೆ. ಇನ್ನೊಂದೂ ಇತ್ತು, ಅದನ್ನು ಬರೆಯಲು ಸ್ವಲ್ಪ ಕಷ್ಟ. ಅವಳ ತಾಯಿಯ ಕೈಯ ರೊಟ್ಟಿ, ಯಾವ ಯೋಚನೆಯೂ ಇಲ್ಲದೆ, ನೇರ ಅವಳ ಡಬ್ಬಿಯಿಂದ ನನ್ನ ಕೈಗೆ ಬರುತ್ತಿತ್ತು. ನಮ್ಮಜ್ಜಿಗೆ ಆ ಓಣಿಗಳಲ್ಲಿ ನೀರನ್ನೂ ಎತ್ತರದಿಂದ ಸುರಿಯುತ್ತಿದ್ದರಂತೆ. ನನಗೆ ಒಳಗೊಳಗೇ ಅದೊಂದು ದೊಡ್ಡ ಸಂಗತಿಯಾಗಿತ್ತು. ಅದನ್ನು ಪ್ರಶ್ನೆ ಕೇಳಿ ಕೆಡಿಸಲು ಮನಸ್ಸಾಗಲಿಲ್ಲ.

ಹೀಗೆ ನಾನು ತಿಂದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮೊದಲು ವಾರಕ್ಕೆ ಮೂರು ದಿನ. ಸಂಕ್ರಾಂತಿಯ ಹೊತ್ತಿಗೆ ಐದು. ಕೊನೆಗೆ ಕೆಲಸಕ್ಕೆ ಹೋದ ಎಲ್ಲ ದಿನವೂ. ತಿಂದು, ಡಬ್ಬಿ ತೊಳೆದು, ಒರೆಸಿ ಅವಳ ಚೀಲಕ್ಕೆ ಹಾಕುತ್ತಿದ್ದೆ. ಬೆಳಗಿನ ತಿಂಡಿ ಬಸ್ಸಿನ ಅವಸರದಲ್ಲಿ ತಪ್ಪುತ್ತಿತ್ತು, ರಾತ್ರಿ ಲ್ಯಾಬಿನಲ್ಲೇ ತಿಂದು ಬಂದೆ ಅನ್ನುತ್ತಿದ್ದಳು. ಅದೆಲ್ಲ ನನಗೆ ಆಮೇಲೆ ತಿಳಿದದ್ದು. ಅವಳ ಕೆನ್ನೆ ಒಳಕ್ಕೆ ಹೋಯಿತು. ನನ್ನ ಕುರ್ತಾಗಳ ಹೊಲಿಗೆ ಬಿಚ್ಚಿಸಬೇಕಾಯಿತು. ಒಮ್ಮೆ ಅವಳ ತಾಯಿ ನನ್ನ ರಟ್ಟೆ ಹಿಡಿದು, "ನೀನರ ಮೈ ತುಂಬ್ಕೊಂಡಿ ನೋಡವ್ವಾ, ಈಕಿಗೆ ಎಷ್ಟು ಹಾಕಿದ್ರೂ ಮೈಗೆ ಹತ್ತವಲ್ದು" ಅಂದರು. ನಾವಿಬ್ಬರೂ ನಕ್ಕೆವು.

ಸುಳಿವು ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಜನವರಿಯ ಒಂದು ರಜೆಯಲ್ಲಿ ಲ್ಯಾಬಿನವರೆಲ್ಲ ಹಂಪಿಗೆ ಹೋಗಿದ್ದೆವು. ಬೆಟ್ಟದ ಮೆಟ್ಟಿಲಿನ ಅರ್ಧದಲ್ಲೇ ಅವಳು ಕೂತುಬಿಟ್ಟಳು, ತುಟಿ ನೀಲಿಯಾಗಿತ್ತು. ವಾಪಸು ಬರುವಾಗ ಕಡ್ಡಿರಾಂಪುರದ ರಸ್ತೆ ಬದಿಯ ಹೋಟೆಲಿನಲ್ಲಿ ಎಲ್ಲರೂ ಇಡ್ಲಿ ವಡೆ ತೆಗೆದುಕೊಂಡೆವು. ಅವಳು ಒಂದು ಇಡ್ಲಿಯನ್ನು ಚೂರು ಚೂರು ಮಾಡಿ ತಟ್ಟೆಯ ತುಂಬ ಹರಡಿದಳು.

"ಏನ್ಲೇ, ಸನ್ಯಾಸ ತಗೊಂತೀಯೇನು?" ಎಂದ ಒಬ್ಬ ಸಹೋದ್ಯೋಗಿ.

"ಸುಮ್ನಿರೋ, ಆಕಿನ ನೋಡಿ ಕಲಿ. ವಾರದಾಗ ನಾಕೈದು ದಿನ ಉಪವಾಸ ಮಾಡ್ತಾಳ. ನೀನು ನಾಕು ತಾಸು ಇರು ನೋಡೂಣು!" ಎಂದಳು ಇನ್ನೊಬ್ಬಳು.

ಎಲ್ಲರೂ ನಕ್ಕರು. ಅವಳೂ ನಕ್ಕಳು. ಹೊಗಳಿಕೆಗೆ ಅವಳ ಮುಖ ಅರಳಿದ್ದನ್ನು ನಾನು ಕಂಡೆ. ಆ ತಟ್ಟೆಯನ್ನೂ ಕಂಡೆ. ಎರಡನ್ನೂ ಸೇರಿಸಿ ಯೋಚಿಸಲಿಲ್ಲ, ಅಥವಾ ಯೋಚಿಸಲು ಬಯಸಲಿಲ್ಲ.

ಹೊಸಪೇಟೆಯ ಆಸ್ಪತ್ರೆಯಲ್ಲಿ ಅವಳನ್ನು ಮಂಚಕ್ಕೆ ಹಾಕುವಷ್ಟರಲ್ಲಿ, ಲ್ಯಾಬಿನವರ ಫೋನು ಬಂದು, ತಾಯಿ ಆಟೊದಲ್ಲಿ ಬಂದಿಳಿದರು. ಕೈಗೆ ಜೋಳದ ಹಿಟ್ಟು ಅಂಟಿತ್ತು. ಡಾಕ್ಟರು ಹಿರಿಯ ಹೆಂಗಸು, ಚುರುಕು, ಹೊರಗೆ ಬಹಳ ರೋಗಿಗಳು ಕಾಯುತ್ತಿದ್ದರು.

"ಬೆಳಿಗ್ಗೆ ಏನು ತಿಂದಾಳ್ರಿ?"

"ಉಪ್ಪಿಟ್ಟು ಇಟ್ಟಿದ್ದೆ, ಬಸ್ಸು ಬಂತು ಅಂತ ಓಡಿದಳು. ಆದ್ರ ಡಬ್ಬಿ ಕಟ್ಟೀನ್ರಿ. ಎರಡು ರೊಟ್ಟಿ, ಪಲ್ಯ, ಮೊಸರು. ದಿನಾ ಡಬ್ಬಿ ಖಾಲಿ ಬರ್ತೈತ್ರಿ ಡಾಕ್ಟರಮ್ಮಾ, ಒಂದು ದಿನ ಉಳಿಸಿಲ್ಲ. ಊಟ ಮಾತ್ರ ಚೊಲೊ ಮಾಡ್ತಾಳ."

"ಬಿಸಿಲಿಗೆ ಆಗಿರ್ತೈತಿ. ಆಸಿಡ್ ಹೊಗಿ ಬ್ಯಾರೆ. ಬಿ.ಪಿ. ಭಾಳ ಕಡಿಮಿ ಐತಿ. ಎರಡು ಬಾಟಲಿ ಗ್ಲೂಕೋಸ್ ಜಲ್ದಿ ಏರಿಸ್ತೀವಿ, ಸಂಜಿಗೆ ಮನಿಗೆ ಕರ್ಕೊಂಡು ಹೋಗ್ರಿ."

ನರ್ಸ್ ಬಾಟಲಿ ನೇತುಹಾಕಿದಳು. ಸೂಜಿಗೆ ನರ ಸಿಗಲಿಲ್ಲ. ಎರಡು ಸಲ ಚುಚ್ಚಿದಳು, ಮೂರನೇ ಸಲ ಸಿಕ್ಕಿತು. ಟೇಪ್ ಅಂಟಿಸಿದಳು. ನನ್ನ ಗೆಳತಿ ನನ್ನನ್ನೇ ನೋಡುತ್ತಿದ್ದಳು. ರೆಪ್ಪೆ ಕೂಡ ಮಿಟುಕಿಸಲಿಲ್ಲ. ನಾನು ಆ ನಳಿಕೆಯ ಸಣ್ಣ ಚಕ್ರದ ಮೇಲೆ ಕಣ್ಣಿಟ್ಟಿದ್ದೆ. ಅದನ್ನು ಉರುಳಿಸಿದರೆ ಹನಿ ಶುರುವಾಗುತ್ತದೆ, ಸಂಜೆಗೆ ಮನೆಗೆ ಹೋಗುತ್ತಾಳೆ, ನಾಳೆ ಮತ್ತೆ ಡಬ್ಬಿ ಬರುತ್ತದೆ, ನಾನು ಮತ್ತೆ ತಿನ್ನುತ್ತೇನೆ. ನರ್ಸಿನ ಹೆಬ್ಬೆರಳು ಚಕ್ರದ ಮೇಲೆ ಕೂತಿತು.

"ಡಾಕ್ಟರೇ, ಡಬ್ಬಿ ತಿಂದಿದ್ದು ನಾನು."

ಬಾಗಿಲಿಗೆ ಹೋಗಿದ್ದ ಡಾಕ್ಟರು ತಿರುಗಿದರು. "ಯಾವಾಗ?"

"ದಿನಾ. ಶ್ರಾವಣದಿಂದ."

ನರ್ಸಿಗೆ ಕೈ ಎತ್ತಿ ತೋರಿಸಿದರು. ಹೆಬ್ಬೆರಳು ನಿಂತಿತು. ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ ಕೇಳಿದರು: ಬೇರೆ ಏನಾದರೂ ತಿನ್ನುತ್ತಿದ್ದಳೇ, ಮುಟ್ಟು ಸರಿಯಾಗಿ ಆಗುತ್ತಿತ್ತೇ, ತಲೆಗೂದಲು ಉದುರುತ್ತಿತ್ತೇ. ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ನನಗೇ ಗೊತ್ತಿಲ್ಲದೆ ಎಷ್ಟೊಂದು ಗೊತ್ತಿತ್ತು. ಇ.ಸಿ.ಜಿ. ತೆಗೆದರು. ಆ ಕಾಗದವನ್ನು ಡಾಕ್ಟರು ಬಹಳ ಹೊತ್ತು ನೋಡಿದರು, ರಕ್ತದ ರಿಪೋರ್ಟು ಬಂದ ಮೇಲೆ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಫೋನ್ ಮಾಡಿದರು. ಆಂಬುಲೆನ್ಸ್ ಬರುವಷ್ಟರಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಭಾಳ ದಿನ ಉಪವಾಸ ಇದ್ದ ದೇಹಕ್ಕ ಒಮ್ಮೆಲೆ ಗ್ಲೂಕೋಸ್ ಏರಿಸಿದ್ರ ಎದಿನ ನಿಂತು ಹೋಗಬಹುದು ನೋಡಮ್ಮ. ನೀ ಹೇಳಿದ್ದು ಚೊಲೊ ಆತು."

ಆ ಮಾತಿನಿಂದ ನನಗೆ ಸಮಾಧಾನ ಆಗಲಿಲ್ಲ. ಹೇಳುವ ಮೊದಲು ನಾನು ಎಷ್ಟು ಹೊತ್ತು ಸುಮ್ಮನಿದ್ದೆ ಎಂಬುದು ನನಗೊಬ್ಬಳಿಗೇ ಗೊತ್ತು.

ತಾಯಿ ವರಾಂಡದ ಬೆಂಚಿನಲ್ಲಿ ಕೂತಿದ್ದರು. ಹತ್ತಿರ ಹೋದೆ. ಅವರು ಅಂಗೈಯ ಹಿಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದರು.

"ಬೆಳಿಗ್ಗೆ ಐದಕ್ಕ ಎದ್ದು ನಾ ರೊಟ್ಟಿ ಬಡಿದದ್ದು ನಿನಗೇನವ್ವಾ?"

ಆ ಮಾತಿನ ಒಳಗೆ ಬೇರೇನಾದರೂ ಇದೆಯೇ ಎಂದು ನಾನು ಬಹಳ ದಿನ ಹುಡುಕಿದೆ, ಅಜ್ಜಿಯ ಕಾಲದಿಂದ ನಮ್ಮ ಮನೆಯವರಿಗೆ ಹಾಗೆ ಹುಡುಕುವ ಅಭ್ಯಾಸ ಇದೆ. ಇರಲಿಲ್ಲ ಅನ್ನಿಸುತ್ತದೆ. ಅದು ಒಬ್ಬ ತಾಯಿ ಕೇಳಬೇಕಾದ ಪ್ರಶ್ನೆಯೇ ಆಗಿತ್ತು.

ಬಳ್ಳಾರಿಯಲ್ಲಿ ಹದಿನಾರು ದಿನ ಇಟ್ಟುಕೊಂಡರು. ನನ್ನನ್ನು ಒಳಗೆ ಬಿಡಬೇಡಿ ಎಂದು ಅವಳೇ ಹೇಳಿದ್ದಳಂತೆ. ಎರಡು ಭಾನುವಾರ ಹೋಗಿ ಗೇಟಿನಿಂದಲೇ ವಾಪಸು ಬಂದೆ. ಕೆಲಸದ ದಿನಗಳಲ್ಲಿ ಊಟದ ಗಂಟೆ ಹೊಡೆದಾಗ ನನ್ನದೇ ಡಬ್ಬಿ ತೆರೆಯಲೂ ಕೈ ಬರುತ್ತಿರಲಿಲ್ಲ. ಯಾಕೆ ಹೀಗಾಯಿತು ಎಂಬುದಕ್ಕೆ ಓಣಿಯಲ್ಲಿ ಎಲ್ಲರ ಹತ್ತಿರವೂ ಕಾರಣ ಇತ್ತು. ನೋಡಲು ಬಂದ ಗಂಡಿನ ಕಡೆಯವರು ಹುಡುಗಿ ದಪ್ಪ ಅಂದರಂತೆ, ದೃಷ್ಟಿ ತಾಗಿತಂತೆ, ಹರಕೆ ತಪ್ಪಿತಂತೆ. ಗಂಡಿನ ಕಡೆಯವರು ಅಂದದ್ದು ನಿಜ. ಆದರೆ ಆ ಒಂದು ಮಾತಿನಿಂದಲೇ ಇಷ್ಟೆಲ್ಲ ಆಯಿತು ಎಂದು ನನಗೆ ಅನ್ನಿಸುವುದಿಲ್ಲ. ಅವಳಿಗೂ ಸರಿಯಾಗಿ ಗೊತ್ತಿಲ್ಲ.

ಅವಳನ್ನು ಮನೆಗೆ ಕರೆತಂದ ನಾಲ್ಕನೇ ದಿನ ತಾಯಿ ನಮ್ಮ ಬಾಗಿಲಿಗೆ ಬಂದು ನಿಂತರು. ಒಳಗೆ ಬರ್ರಿ ಎಂದು ನನ್ನ ತಂದೆ ಕರೆದರೂ ಬರಲಿಲ್ಲ, ಅವಸರದಲ್ಲಿದ್ದರು.

"ಅಲ್ಲಿಯ ಮನಸ್ಸಿನ ಡಾಕ್ಟರು ಹೇಳ್ಯಾರ, ಇದು ಹಟ ಅಲ್ಲ, ಭಕ್ತಿನೂ ಅಲ್ಲ, ಕಾಯಿಲಿ ಅಂತ. ಮೂರು ಹೊತ್ತೂ ಯಾರರ ಎದುರಿಗೆ ಕುಂತು, ತಾವೂ ಉಂಡು, ಆಕಿಗೆ ಉಣಿಸಬೇಕಂತ. ನಾ ಕುಂತ್ರ ಅಳ್ತೀನಿ, ಇಲ್ಲಾ ಬಡಿಯಾಕ ಹೋಕ್ಕೀನಿ. ನೀ ಬಾ."

"ನನ್ನ ನೋಡಿದ್ರ ಆಗಂಗಿಲ್ಲ ಆಕಿಗೆ, ಆಂಟಿ."

"ಆಗದಿದ್ರ ಬಿಡ್ಲಿ. ನನಗ ಸುಳ್ಳು ಹೇಳ್ತಾಳ. ನಿನಗ ಹೇಳಾಕ ಬರಂಗಿಲ್ಲ, ಎಲ್ಲಾ ಗೊತ್ತೈತಿ ನಿನಗ. ತಿಂದಾಕಿ ನೀನು. ನೀನ ಬಂದು ಕುಂದ್ರು."

ಮರುದಿನದಿಂದ ಬೆಳಿಗ್ಗೆ ಬಸ್ಸಿಗೆ ಮೊದಲು, ಸಂಜೆ ಬಸ್ಸು ಇಳಿದ ಮೇಲೆ ಅವರ ಅಡುಗೆಮನೆಯಲ್ಲಿ ಕೂತೆ. ಮಧ್ಯಾಹ್ನದ ಊಟಕ್ಕೆ ನಮ್ಮವ್ವ ಹೋಗುತ್ತಿದ್ದಳು. ಮೊದಲ ಬೆಳಿಗ್ಗೆ ಕಂಪ್ಲಿ ಅಕ್ಕಿಯ ಗಂಜಿ. ನನಗೊಂದು ಬಟ್ಟಲು, ಅವಳಿಗೊಂದು. ಅವಳು ಗೋಡೆ ನೋಡುತ್ತಿದ್ದಳು.

"ಈಗ ಪೊಲೀಸ್ ಕೆಲಸ ಕೊಟ್ರೇನು ನಿನಗ?"

ನಾನು ಉಣ್ಣುತ್ತಿದ್ದೆ.

"ನನ್ನ ಡಬ್ಬಿ ತಿಂದು ತಿಂದು ದಪ್ಪ ಆದಾಕಿ. ಆಣಿ ಮಾಡಿ ಮುರಿದಾಕಿ."

"ಹೌದು, ತಿಂದೀನಿ. ನಿಮ್ಮವ್ವನ ಎಣ್ಣಿಗಾಯಿ ಅಂದ್ರ ನಾ ಇನ್ನೂ ಬಿಡಂಗಿಲ್ಲ. ಆಣಿನೂ ಮುರದೀನಿ. ಈಗ ಒಂದು ಚಮಚ ತಗೋ."

"ಸಾಯ್ಲಿ ಅಂತ ಬಿಡಬೇಕಾಗಿತ್ತು."

ಒಲೆಯ ಮುಂದಿದ್ದ ತಾಯಿಯ ಕೈಯಲ್ಲಿ ಸೌಟು ಸದ್ದು ಮಾಡಿತು. ನನ್ನ ಕೈಯೂ ನಡುಗುತ್ತಿತ್ತು. ಬಟ್ಟಲನ್ನು ಕೆಳಗಿಟ್ಟು, ನಡುಗುವುದನ್ನು ಅವಳಿಗೆ ತೋರಿಸಿದೆ. "ನೋಡು. ಅವತ್ತಿನಿಂದ ಹಿಂಗ ಐತಿ. ತಕ್ಕಡಿ ಮುಂದ ನಿಂತ್ರ ಅರ್ಧ ಗ್ರಾಂ ತೂಗಾಕ ಬರವಲ್ದು ನನಗ." ಅವಳು ನನ್ನ ಕೈಯನ್ನು ಸ್ವಲ್ಪ ಹೊತ್ತು ನೋಡಿದಳು. ಚಮಚ ಎತ್ತಿದಳು. ಆ ಬಟ್ಟಲು ಮುಗಿಯಲು ಒಂದು ಗಂಟೆ ಹಿಡಿಯಿತು. ನನ್ನ ಬಸ್ಸು ಹೋಗಿಬಿಟ್ಟಿತ್ತು.

ಅಲ್ಲಿಂದ ಎಲ್ಲ ಸರಿಹೋಯಿತು ಎಂದಲ್ಲ. ಒಂದು ದಿನ ಎರಡು ಚಮಚ, ಮರುದಿನ ಬಟ್ಟಲು ಗೋಡೆಗೆ. ಮೇ ತಿಂಗಳಲ್ಲಿ ಎಲ್ಲ ಚೆನ್ನಾಗಿ ನಡೆಯುತ್ತಿದೆ ಅಂದುಕೊಂಡಿದ್ದೆವು, ಆದರೆ ಹಿತ್ತಲಿನ ಬೀದಿ ಬೆಕ್ಕೊಂದು ದುಂಡಗಾಗುತ್ತಿತ್ತು. ನಾನು ಒಂದು ಸಂಜೆ ಅದನ್ನು ಎತ್ತಿಕೊಂಡು ಒಳಗೆ ಬಂದು ಅವಳ ಮುಂದೆ ಕೂರಿಸಿದೆ. "ಈಗ ಡಬ್ಬಿ ಖಾಲಿ ಮಾಡಾಕ ಇದನ್ನ ಇಟ್ಕೊಂಡೀಯೇನು? ನನ್ನ ನೌಕರಿ ಹೋತಲ್ಲಲೇ." ಅವಳಿಗೆ ನಗು ಬಂತು. ಬಳ್ಳಾರಿಯಿಂದ ಬಂದ ಮೇಲೆ ಅದೇ ಮೊದಲ ನಗು. ನಗುತ್ತಲೇ ಅಳತೊಡಗಿದಳು. "ನುಂಗಾಕ ಹೆದರಿಕಿ ಆಕ್ಕೈತಿ. ಬೇಕಂತ ಮಾಡಂಗಿಲ್ಲ ನಾ" ಅಂದಳು. ತಾಯಿ ಬೆಕ್ಕನ್ನು ಓಡಿಸಲಿಲ್ಲ. ಹೊಸದಾಗಿ ಒಂದು ರೊಟ್ಟಿ ಬಡಿದು, ಮೂರು ತುಂಡು ಮಾಡಿ, ಒಂದು ತಾನು ತೆಗೆದುಕೊಂಡು, ಉಳಿದೆರಡನ್ನು ನಮ್ಮಿಬ್ಬರ ನಡುವಿನ ಒಂದೇ ತಟ್ಟೆಗೆ ಹಾಕಿದರು. ಆ ಮನೆಯಲ್ಲಿ ಒಂದೇ ತಟ್ಟೆಯಲ್ಲಿ ನಾನು ಉಂಡದ್ದು ಅದೇ ಮೊದಲು. ಆ ಹೊತ್ತಿಗೆ ಅದು ನನಗೆ ಹೊಳೆಯಲೇ ಇಲ್ಲ. ನನ್ನ ಕಣ್ಣು ಅವಳ ಬಾಯಿಯ ಮೇಲಿತ್ತು.

ಎಲ್ಲಕ್ಕಿಂತ ಕಷ್ಟ ಮಲಗುವುದಾಗಿತ್ತು. ಎದೆಬಡಿತ ಇನ್ನೂ ನೆಟ್ಟಗಾಗಿಲ್ಲ, ಗಮನ ಇರಲಿ ಎಂದು ಡಾಕ್ಟರು ಹೇಳಿದ್ದರು. ತಾಯಿ ಅದನ್ನು ಬೇರೆಯೇ ರೀತಿ ಕೇಳಿಸಿಕೊಂಡರು. ಮಗಳ ಮಗ್ಗುಲಲ್ಲಿ ಚಾಪೆ ಹಾಕಿ, ಮೊಬೈಲಿನಲ್ಲಿ ಎರಡೆರಡು ತಾಸಿಗೆ ಅಲಾರಂ ಇಟ್ಟು, ಎದ್ದು ಎದ್ದು ಅವಳ ಮೂಗಿನ ಹತ್ತಿರ ಕೈ ಹಿಡಿಯುತ್ತಿದ್ದರು. ಅವಳು ಎಚ್ಚರಾಗುತ್ತಿದ್ದಳು, ಸಿಡುಕುತ್ತಿದ್ದಳು, ಮತ್ತೆ ಯಾರಿಗೂ ನಿದ್ದೆ ಇಲ್ಲ. ಶನಿವಾರ, ಭಾನುವಾರ ನಾನು ಅಲ್ಲೇ ಮಲಗಿ ಆ ಪಾಳಿ ಹಂಚಿಕೊಂಡೆ. ನನ್ನ ಮನೆಯಲ್ಲಿ ಮಲಗಿದ ದಿನವೂ ಅದೇ ಹೊತ್ತಿಗೆ ಎಚ್ಚರಾಗಿ, ಉರುಳುವ ಬೀಕರನ್ನು ನೋಡುತ್ತ ಬಿದ್ದಿರುತ್ತಿದ್ದೆ. ಏಪ್ರಿಲ್, ಮೇ, ಜೂನ್ ಹೀಗೇ ಹೋದವು. ಜೂನ್ ಕೊನೆಯ ತಪಾಸಣೆಯಲ್ಲಿ ಎದೆಬಡಿತ ಸರಿಯಾಗಿದೆ ಅಂದರು. ಆದರೂ ತಾಯಿ ಅಲಾರಂ ತೆಗೆಯಲಿಲ್ಲ.

ಜುಲೈಯ ಒಂದು ಭಾನುವಾರ ಅವಳ ತಂದೆ ಕಂಪ್ಲಿಯಿಂದ ಬಂದಿದ್ದರು. ಕಾಲುವೆಗೆ ನೀರು ಬಿಟ್ಟಿದ್ದಾರೆ, ಎಲ್ಲೆಲ್ಲೂ ನಾಟಿ ಹಾಕುತ್ತಿದ್ದಾರೆ ಎಂದು ಸುದ್ದಿ ಹೇಳುತ್ತ ಉಂಡರು. ಮಾತಿನ ಮಧ್ಯೆ ಅವಳು ಅರ್ಧ ರೊಟ್ಟಿಯನ್ನು ಯಾರೂ ಹೇಳದೆ ಹಾಕಿಕೊಂಡಳು. ನಾವು ಮೂವರೂ ಕಂಡೆವು, ಮೂವರೂ ಕಾಣದವರಂತೆ ಕಾಲುವೆಯ ಮಾತನ್ನೇ ಮುಂದುವರಿಸಿದೆವು. ತಂದೆ ಕೊನೆಯ ಬಸ್ಸಿಗೆ ಹೊರಟರು. ನಾನು ಅಲ್ಲೇ ಮಲಗಿದೆ.

ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ನನ್ನ ಕಾಲಿನ ಮೇಲಿತ್ತು. ಬಿಸಿಲು! ಗಡಿಯಾರ ಏಳೂವರೆ ತೋರಿಸುತ್ತಿತ್ತು. ಅಲಾರಂ ಯಾವಾಗ ಕೂಗಿತೋ, ಯಾರು ನಿಲ್ಲಿಸಿದರೋ. ತಾಯಿಯೂ ಅದೇ ಗಳಿಗೆಯಲ್ಲಿ ದಡಕ್ಕನೆ ಎದ್ದು ಕೂತರು. ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರಿಗೂ ಅವಳ ಕಡೆ ತಿರುಗುವ ಧೈರ್ಯ ಬರಲಿಲ್ಲ.

ಕೊನೆಗೆ ಅವರೇ ಕೈ ಚಾಚಿದರು. ಮೂಗಿನ ಹತ್ತಿರ ಹಿಡಿದರು. ಹಿಡಿದೇ ಇದ್ದರು. ಆಮೇಲೆ ನನ್ನ ಕೈಯನ್ನು ಎಳೆದು ಅಲ್ಲಿಟ್ಟರು. ಬಿಸಿ ಉಸಿರು, ನಿಧಾನಕ್ಕೆ, ಒಂದರ ಹಿಂದೆ ಒಂದು. ತುಟಿಯ ಮೂಲೆಯಲ್ಲಿ ಜೊಲ್ಲು ಇಳಿದಿತ್ತು. ಅವಳು ಎಚ್ಚರಾಗಲಿಲ್ಲ.

"ನಾ ಎದ್ದೇ ಇಲ್ಲ ನೋಡವ್ವಾ" ಎಂದರು ತಾಯಿ, ತಪ್ಪು ಮಾಡಿದವರ ಧ್ವನಿಯಲ್ಲಿ. "ಒಂದು ಸಲನೂ ಎದ್ದಿಲ್ಲ."

"ನಾನೂ ಎದ್ದಿಲ್ಲ, ಆಂಟಿ."

ಅವತ್ತು ಸೋಮವಾರ. ಬಸ್ಸು ಹೋಗಿ ಅರ್ಧ ಗಂಟೆಯಾಗಿತ್ತು. ತಾಯಿ ಹಂಚು ಇಡಲು ಎದ್ದು ನಿಂತವರು, ರೊಟ್ಟಿ ಬಡಿಯುವ ಸದ್ದಿಗೆ ಎದ್ದಾಳು ಎಂದು ಮತ್ತೆ ಚಾಪೆಯ ಮೇಲೆ ಕೂತರು.